ಜುಟ್ಟಿಯ ಸೋಪಿನ ಪೆಟ್ಟಿಗೆ

ಕೋಳಿ ಕೇಳಿ ಕಾರ ಅರೀತಾರಾ ಎಂದು ಗಾದೆ ಕಟ್ಟಿದ ಮಹಾನುಭಾವನನ್ನು ನಮ್ಮ ಹಿತ್ತಿಲಲ್ಲಿ ಒಂದು ಹದಿನೈದು ದಿನ ಕೂರಿಸಬೇಕಿತ್ತು. ಕಾರ ಅರೆಯುವುದಕ್ಕೆ ಕೋಳಿಯನ್ನು ಕೇಳಬೇಕಾಗಿಲ್ಲ, ಒಪ್ಪಿದೆ. ಆದರೆ ಅದು ಮೊಟ್ಟೆ ಇಡುವುದಕ್ಕೆ ಜಾಗ ಮಾಡಬೇಕಾದರೆ ಅದನ್ನೇ ಕೇಳಬೇಕು. ನಾವು ಕೇಳಲಿಲ್ಲ, ಅನುಭವಿಸಿದೆವು.

ನಾನಾಗ ಹತ್ತೊಂಬತ್ತರ ಹುಡುಗಿ. ಚಿಕ್ಕಲಕ್ಷ್ಮಮ್ಮ ಅಂದರೆ ಯಾರಿಗೂ ತಿಳಿಯದು, ಮಾಯಮ್ಮನ ಸೊಸೆ ಅಂದರೆ ಸಾಲಗಾಮೆಗೆಲ್ಲ ಗೊತ್ತು. ಹೊಟ್ಟೆಯಲ್ಲಿ ಐದು ತಿಂಗಳು. ಯುದ್ಧದ ಕಾಲ, ಹಾಸನದ ಸಂತೆಯಲ್ಲಿ ಹುಡುಕಿದರೂ ಸೀಮೆಎಣ್ಣೆ ಇಲ್ಲ, ಮೊಳೆ ಇಲ್ಲ, ಒಳ್ಳೆಯ ಬಟ್ಟೆ ಇಲ್ಲ. ನನ್ನ ಬಾಯಿಗೆ ಮಾತ್ರ ಯಾರೂ ರೇಷನ್ ಹಾಕಿರಲಿಲ್ಲ.

ಆ ದಿನ ನಾನು ರಾಗಿ ಬೀಸುತ್ತಿದ್ದೆ. ಹಿತ್ತಿಲ ಗೋಡೆಯಾಚೆಯಿಂದ ಗುರುಸಿದ್ದಮ್ಮನ ಕೂಗು ಬಂತು.

"ಲಕ್ಷ್ಮೀ! ಏ ಲಕ್ಷ್ಮೀ! ಬಂದವ್ಳೆ ಕಣೇ ನಿನ್ನ ಮಾರಾಯ್ತಿ! ಇಟ್ಬುಟ್ಟವ್ಳೆ ಕಣೇ ಅದನ್ನ!"

ಗುರುಸಿದ್ದಮ್ಮ ಶಿವಭಕ್ತರ ಮನೆಯವಳು. ಆ ಮನೆಯಲ್ಲಿ ಮೊಟ್ಟೆ ಎಂಬ ಮಾತನ್ನೂ ಬಾಯಲ್ಲಿ ಆಡುವುದಿಲ್ಲ, 'ಅದು' ಅನ್ನುತ್ತಾರೆ. ನಾನು ಬೀಸುಕಲ್ಲು ಬಿಟ್ಟು, ಸೆರಗು ಸಿಕ್ಕಿಸಿಕೊಂಡು ಓಡಿದೆ. ಅವರ ಹಿಂದಿನ ಜಗಲಿಯ ಮೇಲೆ ಅಗಲವಾದ ಬಿದಿರು ಕುಕ್ಕೆ. ಅದರ ತುಂಬ ವಿಭೂತಿ ಉಂಡೆ. ಗುರುಸಿದ್ದಮ್ಮನ ಗಂಡ ಪಂಚಾಕ್ಷರಯ್ಯ ಊರಲ್ಲಿ ಅಂಗಡಿ ಇಟ್ಟವರು. ವರ್ಷಕ್ಕೊಮ್ಮೆ ಶಿವರಾತ್ರಿಯ ದಿನ ಸಗಣಿ ಬೆರಣಿ ಸುಟ್ಟು, ಬೂದಿಯನ್ನು ಸೋಸಿ, ತಮ್ಮ ಕೈಯಾರೆ ಉಂಡೆ ಕಟ್ಟಿ ಮಠಕ್ಕೆ ಕೊಡುವುದು ಅವರ ವ್ರತ. ಬೆಳ್ಳಗೆ, ಗುಂಡಗೆ ಇರುವ ಆ ಉಂಡೆಗಳು ತಿಂಗಳಿಡೀ ನೆರಳುಗಾಳಿಯಲ್ಲಿ ಒಣಗಬೇಕು. ಅವುಗಳ ನಟ್ಟನಡುವೆ ನಮ್ಮ ಜುಟ್ಟಿ, ತಲೆಯ ಮೇಲಿನ ಪುಕ್ಕದ ಜುಟ್ಟನ್ನು ಸೆಟೆಸಿಕೊಂಡು, ಪಟ್ಟದ ರಾಣಿ ಹಾಗೆ ಕೂತಿದ್ದಳು. ನನ್ನನ್ನು ಕಂಡವಳೇ ಎದ್ದು, ಕೊಕ್ಕೊಕ್ಕೋ ಎಂದು ಊರಿಗೆಲ್ಲ ಸುದ್ದಿ ಹೇಳಿದಳು.

"ಬಾಯ್ಮುಚ್ಚೇ ಮುಂಡೇದೇ! ಮಾಡೋದನ್ನೂ ಮಾಡಿ ಡಂಗುರ ಬೇರೆ ಸಾರ್ತೀಯಾ?" ಎಂದು ಬೈದು ಮೊಟ್ಟೆ ಎತ್ತಿಕೊಂಡೆ. ಇನ್ನೂ ಬಿಸಿಯಾಗಿತ್ತು.

ಅದು ಮೂರನೆಯ ಸಲ. ಮೊದಲ ಸಲ ಗುರುಸಿದ್ದಮ್ಮ ಜುಟ್ಟಿಯ ಮೈ ತಾಗಿದ ಉಂಡೆಗಳನ್ನಷ್ಟೇ ಬೇರೆ ಇಟ್ಟು ನಕ್ಕಿದ್ದಳು. ಎರಡನೆಯ ಸಲ ಕುಕ್ಕೆಯನ್ನು ಕಿಟಕಿಯ ಹತ್ತಿರಕ್ಕೆ ಸರಿಸಿದ್ದಳು, ಜುಟ್ಟಿ ಅಲ್ಲಿಗೂ ಹೋದಳು. ಈ ಸಲ ಅವಳ ಕಣ್ಣಲ್ಲಿ ನೀರು ಬಂದಿತ್ತು. ಮೈಲಿಗೆಯಾದ ವಿಭೂತಿಯನ್ನು ಮಠಕ್ಕೆ ಕೊಡುವಂತಿಲ್ಲ. ಕಾಲ ಕೆಳಗೆ ಬೀಳುವಂತೆ ಎಸೆಯುವಂತೆಯೂ ಇಲ್ಲ. ಅಷ್ಟನ್ನೂ ಕೆರೆಗೆ ಬಿಟ್ಟು ಬರಬೇಕು. ಪಂಚಾಕ್ಷರಯ್ಯ ಒಂದು ಮಾತೂ ಆಡದೆ ಕುಕ್ಕೆ ಹೊತ್ತು ಹೊರಟರು. ಅವರು ಬೈದಿದ್ದರೆ ನಾನೂ ನಾಲ್ಕು ಮಾತಾಡಿ ಹಗುರವಾಗುತ್ತಿದ್ದೆ. ಬೈಯದೇ ಹೋದವರ ಮುಂದೆ ಏನು ಮಾಡುವುದು?

ನಮ್ಮ ಅತ್ತೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದಳು.

"ಆ ಮನೆ ಮಜ್ಗೆ ಕುಡ್ದು ಬೆಳ್ದೋನು ಕಣೇ ನಿನ್ನ ಗಂಡ. ನನ್ನ ಎದೇಲಿ ಆಲು ಬತ್ತೋದಾಗ ದಿನಾ ಬೆಳಿಗ್ಗೆ ಚೊಂಬಲ್ಲಿ ಆಲು ಕಳ್ಸಿದ್ದು ಆ ಮಾತಾಯಿ. ಅವ್ರ ದ್ಯಾವ್ರ ಇಬೂತಿ ಮ್ಯಾಕೆ ನನ್ನ ಮನೆ ಕೋಳಿ ಕೂರೋದಾ? ಆಗಾಕಿಲ್ಲ. ಯುಗಾದಿಗೆ ಇನ್ನ ಎರಡು ವಾರ ಅದೆ. ವರ್ಷದ್ ತೊಡಕಿಗೆ ಇದ್ನೇ ಕೊಯ್ಯಾದು. ಕೆಂಚಯ್ಯಂಗೆ ಯೋಳ್ಬುಡ್ತೀನಿ."

ಯುಗಾದಿಯ ಮಾರನೆಯ ದಿನ ನಮ್ಮ ಕಡೆ ವರ್ಷದ ತೊಡಕು. ಆವತ್ತು ಮಾಂಸದಡಿಗೆ ಆಗದ ಒಕ್ಕಲು ಮನೆಯೇ ಇಲ್ಲ. ಹೆಂಡತಿ ಬಸುರಿಯಾಗಿರುವಾಗ ಗಂಡ ಜೀವ ತೆಗೆಯಬಾರದು ಎಂಬುದು ಇನ್ನೊಂದು ಪದ್ಧತಿ. ಅದಕ್ಕೇ ಪಕ್ಕದ ಬೀದಿಯ ಕೆಂಚಯ್ಯನನ್ನು ಕರೆಸುವ ಮಾತು.

ಜುಟ್ಟಿ ಬರೀ ಕೋಳಿಯಾಗಿದ್ದರೆ ನಾನೇ ಮೊದಲು ಕಾರ ಅರೆಯುತ್ತಿದ್ದೆ. ನನ್ನ ತವರು ಅರಕಲಗೂಡಿನ ಹತ್ತಿರ. ಮದುವೆಯಾಗಿ ಹೊರಟ ದಿನ ನಮ್ಮವ್ವ ಒಂದು ಸಣ್ಣ ಬುಟ್ಟಿಯಲ್ಲಿ ಬಟ್ಟೆ ಮುಚ್ಚಿ ಈ ಮರಿಯನ್ನು ಕೊಟ್ಟಿದ್ದಳು. "ನಿನ್ ಬಾಯಿ ನಂಗೊತ್ತು. ಅತ್ತೆ ಬೈದ್ರೆ ಎದ್ರು ಮಾತಾಡ್ಬ್ಯಾಡ ಕಣವ್ವ. ಇತ್ಲಿಗೋಗಿ ಇದ್ರ ಜೊತೆ ಆಡ್ಕಂಡು ಬಾ," ಅಂದಿದ್ದಳು. ಪೆಟ್ರೋಲಿಲ್ಲದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸಿನಲ್ಲಿ ಹಾಸನದವರೆಗೂ ಆ ಬುಟ್ಟಿ ನನ್ನ ತೊಡೆಯ ಮೇಲಿತ್ತು. ಆ ವರ್ಷದ ದೀಪಾವಳಿಗೇ ಅವ್ವ ಜ್ವರ ಬಂದು ಹೋಗಿಬಿಟ್ಟಳು. ಚೊಚ್ಚಲ ಬಾಣಂತನ ತವರಲ್ಲಿ ಆಗಬೇಕು. ನನ್ನ ತವರಲ್ಲಿ ಈಗ ಅಣ್ಣ ಅತ್ತಿಗೆ ಇದ್ದಾರೆ, ನನಗೆ ಐದು ತಿಂಗಳು ಅಂತ ಹೇಳಿ ಕಳಿಸಿದರೂ ಅಲ್ಲಿಂದ ಒಂದು ಮಾತು ಬರಲಿಲ್ಲ. ನನ್ನ ಪಾಲಿಗೆ ಉಳಿದ ತವರು ಅಂದರೆ ಆ ಜುಟ್ಟಿನ ಕೋಳಿ. ಅದನ್ನು ಕೊಯ್ದರೆ ನಾನು ಹಿತ್ತಿಲಿಗೆ ಹೋಗಿ ಯಾರ ಹತ್ತಿರ ಮಾತಾಡಲಿ?

ಅತ್ತೆಯ ಕೈ ಹಿಡಿದುಕೊಂಡೆ. "ಅತ್ತೆಮ್ಮ, ನಾನೊಂದು ಗೂಡು ಮಾಡ್ತೀನಿ. ಅದ್ರಾಗೆ ಇಟ್ರೆ ಬುಟ್ಬುಡಿ."

ಅವಳು ನನ್ನ ಹೊಟ್ಟೆಯ ಕಡೆ ಒಂದು ಸಲ ನೋಡಿದಳು. "ತೊಡಕಿನ ದಿನದ ಒತ್ತಿಗೆ ಇಟ್ರೆ ಸರಿ. ಇಲ್ದಿದ್ರೆ ಅಳಂಗಿಲ್ಲ," ಅಂದಳು.

ನಮ್ಮ ಉಳಿದ ಕೋಳಿಗಳು ಒರಳಿನ ಪಕ್ಕದ ಹಳೇ ಮಂಕರಿಯಲ್ಲಿ ಇಡುತ್ತಿದ್ದವು. ಜುಟ್ಟಿ ಅಲ್ಲಿಗೆ ಹೋದರೆ ಮಿಕ್ಕವೆಲ್ಲ ಸೇರಿ ಕುಕ್ಕಿ ಓಡಿಸುತ್ತಿದ್ದವು. ಹೊರಗಿನಿಂದ ಬಂದವಳಲ್ಲವೇ, ಸೊಸೆಗೂ ಕೋಳಿಗೂ ಒಂದೇ ಪಾಡು. ಆದ್ದರಿಂದ ಅವಳಿಗೆ ಬೇರೆಯೇ ಗೂಡು ಬೇಕಿತ್ತು. ಒಂದು ಹಳೆಯ ಸೀಮೆಎಣ್ಣೆ ಡಬ್ಬ ಇತ್ತು. ಅದರ ಮುಚ್ಚಳ ಕತ್ತರಿಸಿ, ಬೂದಿ ಹಾಕಿ ಮೂರು ಸಲ ತಿಕ್ಕಿ, ಅಡ್ಡ ಮಲಗಿಸಿ ರಾಗಿ ಹುಲ್ಲು ಹಾಸಿದೆ. ಜುಟ್ಟಿಯನ್ನು ಎತ್ತಿ ತಂದು ಬಾಯಿಗೆ ಹಿಡಿದೆ. ಬಿಸಿಲಿಗೆ ಡಬ್ಬ ರೊಟ್ಟಿ ಹಂಚಿನ ಹಾಗೆ ಕಾದಿತ್ತು. ಒಂದು ಕಾಲು ಇಟ್ಟವಳೇ ಚೀರಿಕೊಂಡು ಗೋಡೆ ಹಾರಿದಳು. ಆಚೆಯಿಂದ ಗುರುಸಿದ್ದಮ್ಮ, "ಶಿವನೇ! ಬಂದ್ಲು!" ಅಂದಳು.

ಆಮೇಲೆ ಬಾಯಿ ಒಡೆದ ಒಂದು ಹರವಿ. ಮಣ್ಣಿನ ಗಡಿಗೆ ತಂಪಾಗಿರುತ್ತದಲ್ಲ ಎಂದು ಅದನ್ನು ತೊಂಡೆಬಳ್ಳಿಯ ಬುಡದಲ್ಲಿ ಮಲಗಿಸಿದೆ. ಅತ್ತೆಯೇ, ಮುಖ ಊದಿಸಿಕೊಂಡೇ, ಬುದ್ಧಿ ಹೇಳಿದಳು. "ಬರೀ ಉಲ್ಲು ಕಂಡ್ರೆ ಯಾವ ಕೋಳಿ ಕೂತದೆ? ಒಂದು ಮೊಟ್ಟೆ ಮಡ್ಗು. ನೋಡಿ ಇಡ್ತದೆ." ಇಟ್ಟೆ. ಸಂಜೆಯೊಳಗೆ ಮುಂಗುಸಿ ಬಂದು ಕುಡಿದು ಹೋಯಿತು. ಮಾರನೆಯ ದಿನ ಇನ್ನೊಂದು ಇಟ್ಟೆ. ಅದನ್ನೂ ಕುಡಿಯಿತು. ಎರಡು ಮೊಟ್ಟೆ ಹೋಯಿತು, ಬಂದ ಲಾಭ ಮುಂಗುಸಿಗೆ.

ಇನ್ನು ನನ್ನ ಗಂಡ ರಂಗಸ್ವಾಮಿ. ಒಳ್ಳೆಯವನು, ಆದರೆ ಅವನಿಗೆ ಯಾವ ಕೆಲಸ ಕೊಟ್ಟರೂ ಅದರಲ್ಲಿ ಹಗ್ಗ ಇರಲೇಬೇಕು. ಮುಂಗುಸಿಗೆ ಸಿಗಬಾರದು ಎಂದು ಒಂದು ಬುಟ್ಟಿಯನ್ನು ಕೊಟ್ಟಿಗೆಯ ತೊಲೆಗೆ ನೇತುಹಾಕಿದ. ಜುಟ್ಟಿ ಹಾರಿ ಕೂತಳು. ಬುಟ್ಟಿ ಅತ್ತ ಇತ್ತ ಉಯ್ಯಾಲೆಯಾಡಿತು. ಅವಳ ಕಿರುಚಾಟಕ್ಕೆ ಎತ್ತುಗಳು ಬೆದರಿ ಗೂಟ ಕಿತ್ತವು.

"ತೊಟ್ಲು ಕಟ್ಟಿದ್ದೀಯಾ? ಕೂಸು ಉಟ್ಟಾಕೆ ಇನ್ನ ನಾಕು ತಿಂಗ್ಳದೆ ಕಣಯ್ಯ!" ಎಂದು ನಾನು ರೇಗಿದೆ.

"ಕೋಳಿ ನಿಂದು, ಬುದ್ದೀನೂ ನಿಂದೇಯ. ನಾನೇನ್ಮಾಡ್ಲಿ?" ಅಂದು ಅವನು ಹೊಲಕ್ಕೆ ಹೋದ. ನಾನು ಒಂದು ಹೊತ್ತು ಅವನ ಜೊತೆ ಮಾತು ಬಿಟ್ಟೆ. ಹಸಿವಾದ ಮೇಲೆ ಅವನೇ ಬಂದು ಮಾತಾಡಿಸಿದ.

ಹೊರಗೆ ಹೋಗದಿರಲಿ ಎಂದು ಜುಟ್ಟಿಯ ಮೇಲೆ ಮಂಕರಿ ಕವುಚಿ ಹಾಕಿದ ದಿನ ಅವಳು ಮೊಟ್ಟೆಯನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಂಡಳು. ತೆಗೆದ ಕೂಡಲೇ ಗೋಡೆ ಹಾರಿದಳು. ಪಂಚಾಕ್ಷರಯ್ಯ ಕೆರೆಗೆ ಬಿಟ್ಟದ್ದಕ್ಕೆ ಬದಲಾಗಿ ಮತ್ತೆ ಬೂದಿ ಸೋಸಿ, ಮತ್ತೆ ಉಂಡೆ ಕಟ್ಟಿ ಒಳಗಿನ ಕೋಣೆಯಲ್ಲಿ ಇಟ್ಟಿದ್ದರು. ಗುರುಸಿದ್ದಮ್ಮ ಕೋಣೆಗೆ ಬೀಗ ಹಾಕಿದ್ದಳು. ಜುಟ್ಟಿ ಬಾಗಿಲ ಮುಂದೆ ನಿಂತು ಅರ್ಧ ದಿನ ಗೊಣಗಿ, ಕೊನೆಗೆ ಅವರ ಹೊಸಿಲ ಮೇಲೆ ಇಟ್ಟು ಬಂದಳಂತೆ. ಹೊಸಿಲ ಮೇಲೆ! ನಾನು ನಾಚಿಕೆಯಿಂದ ಸಾಯುವುದೊಂದು ಬಾಕಿ.

ಯುಗಾದಿಗೆ ಮೂರು ದಿನ ಇತ್ತು. ನಾನು ಹಿತ್ತಿಲಲ್ಲಿ ಕೂತು ಅಳುತ್ತಿದ್ದೆ. ಜುಟ್ಟಿ ನನ್ನ ಸೆರಗಿನ ಅಂಚನ್ನು ಕುಕ್ಕುತ್ತಿದ್ದಳು. ಗೋಡೆಯ ಮೇಲಿಂದ ಪಂಚಾಕ್ಷರಯ್ಯನ ತಲೆ ಕಂಡಿತು. ಹಣೆಯಲ್ಲಿ ಮೂರು ಪಟ್ಟೆ ವಿಭೂತಿ, ಕೈಯಲ್ಲಿ ಒಂದು ಮರದ ಪೆಟ್ಟಿಗೆ. ಅಂಗಡಿಗೆ ಬಟ್ಟೆ ಸೋಪು ಬರುತ್ತಿತ್ತಲ್ಲ, ಅದರದು.

"ಅಳ್ಬ್ಯಾಡ ಕಣವ್ವ," ಅಂದರು. "ನಾನು ಬೀಗದ ಕ್ವಾಣೆ ಮುಂದೆ ಕೂತ್ಕಂಡು ಇವ್ಳನ್ನ ನೋಡ್ತಾ ಇದ್ದೆ. ಇವ್ಳು ನಮ್ಮನೆಗೆ ಬರಾದು ಜಾಗಕ್ಕಲ್ಲ, ಉಂಡೆಗೆ. ಬೆಳ್ಳಗೆ ಗುಂಡಗೆ ಇರಾದು ಕಂಡ್ರೆ, ಇಲ್ಲಿ ಇನ್ನೊಬ್ಬಳು ಕೂತೆದ್ದೋಗವ್ಳೆ, ಅವ್ಳಿಗೇನೂ ಆಗಿಲ್ಲ, ನಂಗೂ ಏನೂ ಆಗಾಕಿಲ್ಲ ಅಂತ ಧೈರ್ಯ. ಅಷ್ಟೇಯ ಅವ್ಳಿಗೆ ಬೇಕಾದ್ದು."

"ಮೊಟ್ಟೆ ಮಡಗಿದ್ದೆ ಕಣಣ್ಣ. ಮುಂಗ್ಸಿ ಕುಡ್ದೋಯ್ತು."

ಆ ಪದ ಕೇಳಿ ಅವರು ಒಂದು ಸಲ ಕಣ್ಣು ಮುಚ್ಚಿದರು. ಆಮೇಲೆ ಅಂದರು. "ಮುಂಗ್ಸಿ ಕುಡೀದಂತಾದ್ದು ಮಾಡಾನ."

ಅವರೇ ನಮ್ಮ ಹಿತ್ತಿಲಿಗೆ ಬಂದು ಕೂತು ಮಾಡಿದರು. ಪೆಟ್ಟಿಗೆಯನ್ನು ಅಡ್ಡ ಮಲಗಿಸಿ, ಬಾಯಿಯ ಕೆಳಗೆ ನಾಲ್ಕು ಬೆರಳಗಲ ಹಲಗೆ ಕಟ್ಟಿದರು, ಹುಲ್ಲು ಚೆಲ್ಲಬಾರದಲ್ಲ. ಮೊಳೆ ಇಲ್ಲದ್ದಕ್ಕೆ ತೂತು ಕೊರೆದು ಕತ್ತಾಳೆ ನಾರಿನಲ್ಲಿ ಬಿಗಿದರು. ಹಳೇ ಗೋಣಿಚೀಲದ ತುಂಡನ್ನು ಅರ್ಧ ಬಾಯಿಗೆ ಪರದೆ ಬಿಟ್ಟರು. "ಎಣ್ಣು ಜೀವ, ಮರೆ ಬ್ಯಾಡ್ವಾ?" ಅಂದರು. ಹೇನು ಬಾರದಿರಲಿ ಎಂದು ನಾನು ಹುಲ್ಲಿನ ಕೆಳಗೆ ಬೇವಿನ ಸೊಪ್ಪು ಹಾಸಿದೆ. ನೆರಳಿರುವ ಗೋಡೆಯ ಬುಡದಲ್ಲಿ ಎರಡು ಕಲ್ಲಿನ ಮೇಲೆ ಪೆಟ್ಟಿಗೆ ಕೂರಿಸಿದೆವು. ಖರ್ಚು ಅಂತ ಒಂದು ಕಾಸಿಲ್ಲ.

ಕೊನೆಗೆ ಉಂಡೆ. ಕೆರೆಯ ಜೇಡಿಮಣ್ಣು ತಂದು, ಅಂಗೈಯಲ್ಲಿ ಉರುಳಿಸಿ ಉರುಳಿಸಿ, ಜೀವಮಾನದಲ್ಲಿ ಮೊಟ್ಟೆ ಮುಟ್ಟದ ಆ ಮನುಷ್ಯ ಒಂದು ಮೊಟ್ಟೆ ಮಾಡಿದರು. ನುಣ್ಣಗೆ, ಒಂದು ತುದಿ ಸಣ್ಣಗೆ, ತದ್ರೂಪು. ಮಾಡಿ ಮುಗಿಸಿದವರೇ, ಏನು ಮಾಡುತ್ತಿದ್ದೇನೆಂಬ ಪರಿವೆಯಿಲ್ಲದೆ, ಮೂರು ಬೆರಳು ಜೋಡಿಸಿ ಅದರ ಮೇಲೆ ಸರ್ರನೆ ಎಳೆದುಬಿಟ್ಟರು. ಹಸಿ ಮಣ್ಣಿನಲ್ಲಿ ಮೂರು ಪಟ್ಟೆ ಮೂಡಿತು.

"ಅಯ್ಯಯ್ಯೋ, ಶಿವ ಶಿವಾ!" ಎಂದು ಅವರು ಉಜ್ಜತೊಡಗಿದರು. ಗೋಡೆಯಾಚೆಯಿಂದ ನೋಡುತ್ತಿದ್ದ ಗುರುಸಿದ್ದಮ್ಮ ಬಿದ್ದು ಬಿದ್ದು ನಕ್ಕಳು.

"ಅದುಕ್ಕೂ ದೀಕ್ಷೆ ಕೊಟ್ಬುಟ್ರಾ!"

"ಕೈ ಅಭ್ಯಾಸ ಕಣೇ," ಎಂದು ಅವರು ನಾಚಿಕೊಂಡರು. ಒಣಗಿದ ಮೇಲೆ ಎರಡು ಸಲ ಸುಣ್ಣ ಬಳಿದರೂ ಆ ಮೂರು ಗೀರು ಪೂರ್ತಿ ಹೋಗಲಿಲ್ಲ.

ಸುಣ್ಣ ಒಣಗುವ ಹೊತ್ತಿಗೆ ಯುಗಾದಿ ಬಂದೇ ಬಿಟ್ಟಿತು. ಉಂಡೆಯನ್ನು ಹುಲ್ಲಿನ ಮೇಲೆ ಇಟ್ಟು ಬೇವು ಬೆಲ್ಲ ತಿಂದೆ. ನನಗೆ ಬೇವು ಮಾತ್ರ ರುಚಿಯಾಯಿತು. ಜುಟ್ಟಿ ಪೆಟ್ಟಿಗೆಯ ಮುಂದೆ ಎರಡು ಸಲ ಸುಳಿದಳು, ಪರದೆಯೊಳಗೆ ಕತ್ತು ಹಾಕಿದಳು, ತೆಗೆದಳು, ತಿಪ್ಪೆಗೆ ಹೋದಳು. ಆ ದಿನ ಇಡಲಿಲ್ಲ.

ತೊಡಕಿನ ಬೆಳಿಗ್ಗೆ ಅತ್ತೆ ಒರಳಿನ ಮುಂದೆ ಕೂತು ಕಾರ ಅರೆದಳು. ಧನಿಯ, ಒಣಮೆಣಸಿನಕಾಯಿ, ಚಕ್ಕೆ, ಲವಂಗ. ಕೆಂಚಯ್ಯ ಚೂರಿ ತಂದು, ಜಗಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಂಡ.

"ಎಲ್ಲವ್ವ ಕೋಳಿ? ನಂಗಿನ್ನ ನಾಕು ಮನೆ ಅವೆ," ಅಂದ.

ಹಿತ್ತಿಲೆಲ್ಲ ಹುಡುಕಿದರೂ ಜುಟ್ಟಿ ಇಲ್ಲ. ಮತ್ತೆ ಗೋಡೆ ಹಾರಿದಳು ಎಂದುಕೊಂಡೆ. ಅತ್ತೆ ನೇರವಾಗಿ ಪೆಟ್ಟಿಗೆಯ ಹತ್ತಿರ ಹೋಗಿ, ಕೂತು, ಗೋಣಿಯ ಪರದೆ ಎತ್ತಿದಳು. ನಾನು ಅವಳ ಹಿಂದೆ ನಿಂತು ಬಗ್ಗಿ ನೋಡಿದೆ. ಒಳಗಿನ ಮಬ್ಬಿನಲ್ಲಿ ಜುಟ್ಟಿ ಕೂತಿದ್ದಳು. ಮಣ್ಣಿನ ಉಂಡೆಯನ್ನು ಎದೆಯ ಕೆಳಗೆ ಎಳೆದುಕೊಂಡಿದ್ದಳು. ಕಣ್ಣು ಅರೆ ಮುಚ್ಚಿತ್ತು, ಮೈ ಪುಕ್ಕವೆಲ್ಲ ಉಬ್ಬಿತ್ತು, ತಿಣುಕುತ್ತಿದ್ದಳು.

ಅತ್ತೆಯ ಕೈ ಅವಳ ಕಾಲಿನ ಕಡೆ ಹೋಗಿತ್ತು. ಅಲ್ಲೇ ನಿಂತಿತು.

"ಏನವ್ವ, ಸಿಕ್ತಾ?" ಎಂದು ಕೆಂಚಯ್ಯ ಜಗಲಿಯಿಂದ ಕೂಗಿದ.

ಅತ್ತೆ ಪರದೆಯನ್ನು ಮೆಲ್ಲಗೆ ಬಿಟ್ಟು, ಪೆಟ್ಟಿಗೆಯ ಪಕ್ಕದಲ್ಲೇ ನೆಲದ ಮೇಲೆ ಕೂತುಬಿಟ್ಟಳು. ನನಗೂ ಕೂರು ಎಂದು ಸನ್ನೆ ಮಾಡಿದಳು. ಅತ್ತೆ ಸೊಸೆ ಇಬ್ಬರೂ ಉಸಿರು ಬಿಗಿಹಿಡಿದು ಕೂತೆವು. ಎಷ್ಟು ಹೊತ್ತಾಯಿತೋ. ಒಳಗಿಂದ ಹುಲ್ಲು ಸರಬರ ಅಂದಿತು. ಆಮೇಲೆ ಜುಟ್ಟಿ ಪರದೆ ಸರಿಸಿಕೊಂಡು ಹೊರಗೆ ಬಂದು, ಮೈ ಕೊಡವಿ, ಕೊಕ್ಕೊಕ್ಕೊಕ್ಕೋ ಎಂದು ಊರು ಕೇಳುವಂತೆ ಸಾರಿದಳು. ಗೋಡೆಯಾಚೆಯಿಂದ ಗುರುಸಿದ್ದಮ್ಮ, "ನಮ್ಮನೇಲಿಲ್ಲ ಕಣೇ! ಇವತ್ತು ನಮ್ಮನೇಲಿಲ್ಲ!" ಎಂದು ಖುಷಿಯಿಂದ ಕೂಗಿದಳು.

ನಾನು ಕೈ ಹಾಕಿ ತೆಗೆದೆ. ಒಂದು ತಣ್ಣಗಿತ್ತು, ಮೂರು ಗೀರಿನದು. ಇನ್ನೊಂದು ಬೆಚ್ಚಗಿತ್ತು.

ಅತ್ತೆ ಮಂಡಿಯ ಮೇಲೆ ಕೈಯೂರಿ ಎದ್ದಳು. "ಕೆಂಚಯ್ಯ, ನೀನೋಗಪ್ಪ. ಎರ್ಗೆಗೆ ಕೂತೆದ್ದೋಳ ಮ್ಯಾಕೆ ಕೈ ಆಕಬಾರ್ದು."

"ಅರೆದ ಕಾರ?"

"ನನ್ನ ಕಾರ, ನಾನೇನಾರಾ ಮಾಡ್ಕತೀನಿ. ನಿಂಗ್ಯಾಕೆ?"

ಆ ವರ್ಷ ಊರಿನಲ್ಲೆಲ್ಲ ಮಾಂಸದ ಸಾರು ಕುದಿಯುತ್ತಿರುವಾಗ ನಮ್ಮ ಮನೆಯಲ್ಲಿ ತೊಡಕಿಗೆ ಮೊಟ್ಟೆ ಸಾರು. ಜುಟ್ಟಿಯದಲ್ಲ, ಮಂಕರಿಯ ಕೋಳಿಗಳದು. ನನ್ನ ಗಂಡ ಮುದ್ದೆ ಮುರಿದು ಸಾರಿನಲ್ಲಿ ಹೊರಳಿಸಿ, "ತೊಡಕಲ್ವಾ ಇವತ್ತು?" ಎಂದು ಕೇಳಿದ. ಅತ್ತೆ ಅವನನ್ನು ನೋಡಿದ ರೀತಿಗೆ ಅವನು ಇನ್ನೊಂದು ಮುದ್ದೆ ಕೇಳಿದ. ಪಂಚಾಕ್ಷರಯ್ಯನ ವಿಭೂತಿ ಆ ಸಲ ತಡವಾದರೂ ಮಠಕ್ಕೆ ಸೇರಿತು. ಜುಟ್ಟಿ ಮತ್ತೆ ಗೋಡೆ ಹಾರಲಿಲ್ಲ.

ಆಷಾಢದ ಮಳೆ ಹಿಡಿಯಿತು. ನನಗೆ ಎಂಟು ತಿಂಗಳು ತುಂಬಿತು. ಅರಕಲಗೂಡಿನ ಕಡೆಯಿಂದ ಯಾರೂ ಬರಲಿಲ್ಲ. ಬಸ್ಸಿನ ಸದ್ದು ಕೇಳಿದಾಗಲೆಲ್ಲ ನಾನು ಬಾಗಿಲಿಗೆ ಹೋಗಿ ಬಂದು ಕೂರುತ್ತಿದ್ದೆ. ನಡುವೆ ಒಂದು ದಿನ ಅತ್ತಿಗೆ ಯಾರ ಕೈಲೋ ಹೇಳಿ ಕಳಿಸಿದಳು. ಅಲ್ಲಿ ಮನೆ ಸೋರುತ್ತಿದೆಯಂತೆ, ಜಾಗ ಇಲ್ಲವಂತೆ. ಕೇಳಿಸಿಕೊಂಡು ನಾನು ಹಿತ್ತಿಲಿಗೆ ಹೋದೆ. ಅವ್ವ ಹೇಳಿಕೊಟ್ಟ ಹಾಗೆ ಜುಟ್ಟಿಯ ಜೊತೆ ಮಾತಾಡೋಣವೆಂದರೆ ಅವಳು ಕಾವಿಗೆ ಕೂತಿದ್ದಳು. ಹತ್ತಿರ ಹೋದರೆ ಗುರ್ ಅನ್ನುತ್ತಿದ್ದಳು. ಅವಳಿಗೆ ಅವಳದೇ ಸಂಸಾರ.

ಒಳಗೆ ಬಂದೆ. ನಡುಮನೆಯ ಪಕ್ಕದ ಮೂಲೆಯಲ್ಲಿ ಅತ್ತೆ ಏನೋ ಮಾಡುತ್ತಿದ್ದಳು. ನೆಲ ಸಾರಿಸಿ, ಹೊಸ ರಾಗಿ ಹುಲ್ಲು ದಪ್ಪವಾಗಿ ಹಾಸಿ, ಮೇಲೆ ಕಂಬಳಿ ಹಾಕಿದ್ದಳು. ಎರಡು ಗೋಣಿಚೀಲ ಬಿಚ್ಚಿ ಹೊಲಿದು ಅಡ್ಡಲಾಗಿ ಪರದೆ ಕಟ್ಟಿದ್ದಳು. ಪರದೆಯ ಮೇಲೆ ಬೇವಿನ ಸೊಪ್ಪು ಸಿಕ್ಕಿಸುತ್ತಿದ್ದಳು. ನಾನು ನಿಂತಲ್ಲೇ ನಿಂತೆ. ಪಂಚಾಕ್ಷರಯ್ಯ ಮಾಡಿದ್ದರಲ್ಲ, ಅದನ್ನೇ ದೊಡ್ಡದು ಮಾಡಿದ ಹಾಗಿತ್ತು.

"ಏನು ಅಂಗೆ ನೋಡ್ತಾ ನಿಂತೆ?" ಅತ್ತೆ ತಿರುಗದೆಯೇ ಕೇಳಿದಳು. "ಯಾರೂ ಕರೀನಿಲ್ಲ ಅಂತ ಇತ್ಲಲ್ಲಿ ಕೂತು ಅತ್ಕಂಡು ಬಂದಿದ್ದೀಯ, ಕಣ್ಣೇ ಯೋಳ್ತದೆ. ಕೋಳಿಗೆ ಜಾಗ ಮಾಡ್ಕೊಟ್ಟೋರು ನಿಂಗೆ ಮಾಡ್ಕೊಡಾಕಿಲ್ವಾ?"

"ಬಾಣಂತನ ಯಾರು ಮಾಡ್ತಾರೆ ಅತ್ತೆಮ್ಮ? ನಮ್ಮವ್ವ ಇಲ್ವಲ್ಲ."

ಅತ್ತೆ ಸೊಪ್ಪು ಸಿಕ್ಕಿಸುವುದನ್ನು ಬಿಟ್ಟು ನನ್ನ ಕಡೆ ತಿರುಗಿದಳು. ಅವಳ ದನಿ ಅಷ್ಟು ಮೆತ್ತಗಾದದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ.

"ನಂಗೂ ಇರ್ನಿಲ್ಲ ಕಣವ್ವ. ಇದೇ ಮೂಲೇಲೇ ನಿನ್ನ ಗಂಡನ್ನ ನಾನೆತ್ತಿದ್ದು. ಏನಾಯ್ತು ನಂಗೆ? ಎದ್ದು ಓಡಾಡ್ತಿಲ್ವಾ? ಬಾ, ಕೂತ್ಕಂಡು ನೋಡು, ಬೆಚ್ಚಗದೆಯಾ ಅಂತ."

ನಾನು ಪರದೆ ಸರಿಸಿ ಒಳಗೆ ಹೋಗಿ ಕೂತೆ. ಹುಲ್ಲು ಮೆತ್ತಗಿತ್ತು. ಬಾಯಿಬಡುಕಿ ಎಂದು ಊರಲ್ಲೆಲ್ಲ ಹೆಸರಾದ ನಾನು, ಬೆಚ್ಚಗದೆ ಎಂದು ತಲೆಯನ್ನಷ್ಟೇ ಆಡಿಸಿದೆ.